2009ರ ಡ್ರಾಫ್ಟ್ ಮತ್ತು ಸ್ಟೆಫನ್ ಕರ್ರಿ: ಪಟ್ಟಿ ಸರಿ, ತೂಕ ತಪ್ಪು

ಎಲ್ಲರಿಗೂ ನಮಸ್ಕಾರ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ಗೆ ಮುಂಚೆ ಕಾಲೇಜು ಆಟಗಾರನನ್ನು ಅಳೆಯುವುದು ಹೇಗೆ ಅನ್ನೋದು ಇವತ್ತಿನ ವಿಷಯ. ಸೂತ್ರಗಳನ್ನು ಹೇಳುತ್ತಾ ಹೋದರೆ ನಿಮಗೂ ನಿದ್ದೆ, ನನಗೂ ನಿದ್ದೆ. ಅದಕ್ಕೇ ಒಬ್ಬನನ್ನೇ ಹಿಡಿದುಕೊಂಡು ಮಾತಾಡುತ್ತೇನೆ: 2009ರ ಸ್ಟೆಫನ್ ಕರ್ರಿ. ನಾಲ್ಕು ಚಾಂಪಿಯನ್‌ಷಿಪ್ ಗೆದ್ದ ಕರ್ರಿಯನ್ನು ಸ್ವಲ್ಪ ಹೊತ್ತು ಮರೆತುಬಿಡಿ. ನಮ್ಮ ಮುಂದಿರುವುದು ನಾರ್ತ್ ಕೆರೊಲಿನಾದ ಡೇವಿಡ್‌ಸನ್ ಅನ್ನುವ ಪುಟ್ಟ ಕಾಲೇಜಿನ ಇಪ್ಪತ್ತೊಂದರ ಹುಡುಗ.

ತಂಡಗಳಿಗಾಗಿ ಆಟಗಾರರನ್ನು ಹುಡುಕಿ ವರದಿ ಬರೆಯುವ ಸ್ಕೌಟ್‌ಗಳ ದೂರುಗಳು ಏನಿದ್ದವು? ಬರಿಗಾಲಲ್ಲಿ ನಿಂತರೆ 6 ಅಡಿ 2 ಅಂಗುಲ, ತೂಕ ಸುಮಾರು 82 ಕಿಲೋ. ಚಿಮ್ಮುವ ಶಕ್ತಿ ಸಾಧಾರಣ. ರಿಮ್ ಹತ್ತಿರ ದೊಡ್ಡವರ ನಡುವೆ ನುಗ್ಗಿ ಬುಟ್ಟಿಗೆ ಹಾಕಲು ಕಷ್ಟ. ಡಿಫೆನ್ಸ್‌ನಲ್ಲಿ ಬಲಶಾಲಿ ಗಾರ್ಡ್‌ಗಳು ತಳ್ಳಿಕೊಂಡು ಹೋಗುತ್ತಾರೆ. ಎಲ್ಲಕ್ಕಿಂತ ದೊಡ್ಡ ಅನುಮಾನ, ಇವನು ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವನು) ಹೌದೋ ಅಲ್ಲವೋ ಅನ್ನೋದು. ಕೊನೆಯ ವರ್ಷ ಪ್ರತಿ ಪಂದ್ಯಕ್ಕೆ 5.6 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕಲು ನೆರವಾಗುವ ಪಾಸ್) ಕೊಟ್ಟವನು 3.7 ಸಲ ಚೆಂಡನ್ನೂ ಕಳೆದುಕೊಂಡಿದ್ದ.

ಇದರಲ್ಲಿ ಒಂದೂ ಸುಳ್ಳಲ್ಲ. ಇವತ್ತು ಆ ವರದಿಗಳನ್ನು ಹಂಚಿಕೊಂಡು ನಗುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಬರೆದವರು ಕಣ್ಣಿಗೆ ಕಂಡದ್ದನ್ನೇ ಬರೆದಿದ್ದರು. ಎಡವಿದ್ದು ಯಾವುದಕ್ಕೆ ಎಷ್ಟು ತೂಕ ಅನ್ನುವಲ್ಲಿ.

ಮೊದಲು ಅಂಕಿಗಳನ್ನು ಓದೋಣ. ಎರಡನೇ ವರ್ಷ, ಅಂದರೆ 2007-08ರಲ್ಲಿ, ಕರ್ರಿ 162 ಥ್ರೀ (ದೂರದ ಗೆರೆಯಾಚೆಯಿಂದ ಹಾಕುವ ಮೂರು ಪಾಯಿಂಟಿನ ಶಾಟ್) ಹಾಕಿ ಒಂದೇ ಸೀಸನ್‌ನ ಕಾಲೇಜು ಬ್ಯಾಸ್ಕೆಟ್‌ಬಾಲ್ ದಾಖಲೆ ಬರೆದ. ಆಗ ಅವನ ಥ್ರೀ ಯಶಸ್ಸು ಶೇ 44ರ ಹತ್ತಿರ. ಮೂರನೇ ವರ್ಷ ಅದು ಶೇ 39ಕ್ಕೆ ಇಳಿಯಿತು. ಕಾಗದ ಮಾತ್ರ ನೋಡುವವನು ‘ಕೈ ಕೆಟ್ಟಿದೆ’ ಅಂತಾನೆ. ಆದರೆ ನಡುವೆ ಆದದ್ದೇನು? ಹಿಂದಿನ ವರ್ಷ ಅಸಿಸ್ಟ್‌ನಲ್ಲಿ ದೇಶಕ್ಕೇ ಮೊದಲಿಗನಾಗಿದ್ದ ಜೇಸನ್ ರಿಚರ್ಡ್ಸ್ ಓದು ಮುಗಿಸಿ ಹೋದ. ಚೆಂಡು ತರುವ ಕೆಲಸವೂ ಕರ್ರಿಯ ತಲೆಗೆ ಬಂತು. ಎದುರಾಳಿಗಳೆಲ್ಲ ಅವನೊಬ್ಬನ ಸುತ್ತಲೇ ಬಲೆ ಹೆಣೆಯತೊಡಗಿದರು. ಅಷ್ಟಾದರೂ ಪಂದ್ಯಕ್ಕೆ 28.6 ಪಾಯಿಂಟ್, ದೇಶಕ್ಕೇ ಮೊದಲ ಸ್ಥಾನ. ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಉಚಿತ ಎಸೆತ) ಶೇ 88ರ ಆಸುಪಾಸು. ಕೈಯ ಗುಣ ತಿಳಿಯಬೇಕಾದರೆ ನಾನು ಮೊದಲು ನೋಡುವುದು ಫ್ರೀ ಥ್ರೋ. ಅಲ್ಲಿ ಡಿಫೆಂಡರ್ ಇಲ್ಲ, ದೂರ ಬದಲಾಗುವುದಿಲ್ಲ, ನೆಪವೂ ಇಲ್ಲ.

‘ಚಿಕ್ಕ ಕಾಲೇಜು, ದುರ್ಬಲ ಎದುರಾಳಿಗಳು’ ಅನ್ನುವ ಮಾತಿಗೆ 2008ರ ಎನ್‌ಸಿಎಎ ಟೂರ್ನಿಯಲ್ಲೇ (ಕಾಲೇಜು ತಂಡಗಳ ರಾಷ್ಟ್ರೀಯ ಪಂದ್ಯಾವಳಿ) ಉತ್ತರ ಸಿಕ್ಕಿತ್ತು. ಕರ್ರಿ ಗಳಿಸಿದ್ದು ಗೊಂಜಾಗಾ ಮೇಲೆ 40 ಪಾಯಿಂಟ್, ಜಾರ್ಜ್‌ಟೌನ್ ಮೇಲೆ 30, ಡಿಫೆನ್ಸ್‌ಗೆ ಹೆಸರಾದ ವಿಸ್ಕಾನ್ಸಿನ್ ಮೇಲೆ 33. ಆ ವರ್ಷ ಪ್ರಶಸ್ತಿ ಗೆದ್ದ ಕ್ಯಾನ್ಸಸ್ ಎದುರು ಡೇವಿಡ್‌ಸನ್ ಸೋತದ್ದು ಎರಡೇ ಪಾಯಿಂಟ್‌ನಿಂದ.

ನನಗೆ ಇದಕ್ಕಿಂತ ಹೆಚ್ಚು ಹೇಳುವುದು ಅವನು ಒಂದೂ ಪಾಯಿಂಟ್ ಗಳಿಸದ ಪಂದ್ಯ. 2008ರ ನವೆಂಬರ್, ಎದುರಾಳಿ ಮೇರಿಲ್ಯಾಂಡ್‌ನ ಲೊಯೋಲಾ. ಅವರ ಕೋಚ್ ಪಂದ್ಯದುದ್ದಕ್ಕೂ ಕರ್ರಿಯ ಮೇಲೆ ಇಬ್ಬರನ್ನು ಬಿಟ್ಟ. ಕರ್ರಿ ಜಗಳಕ್ಕೆ ಹೋಗಲಿಲ್ಲ, ಮೂಲೆಗೆ ಹೋಗಿ ನಿಂತ. ಇಬ್ಬರೂ ಅಲ್ಲೇ ನಿಂತರು. ಉಳಿದ ನಾಲ್ವರಿಗೆ ಮೂವರೇ ಎದುರು. ಎಸೆದದ್ದು ಮೂರೇ ಶಾಟ್, ಗಳಿಸಿದ್ದು ಸೊನ್ನೆ, ಡೇವಿಡ್‌ಸನ್ ಗೆದ್ದದ್ದು 78-48. ಚೆಂಡು ಮುಟ್ಟದೆಯೇ ಇಬ್ಬರನ್ನು ಎಳೆದಿಡುವ ಗುಣಕ್ಕೆ ಅಂಕಿಪಟ್ಟಿಯಲ್ಲಿ ಕಾಲಂ ಇಲ್ಲ. ಮುಂದೆ ಅವನ ಎನ್‌ಬಿಎ ತಂಡ ಗೋಲ್ಡನ್ ಸ್ಟೇಟ್‌ನ ಇಡೀ ಆಟ ನಿಂತದ್ದು ಇದರ ಮೇಲೆಯೇ.

ದೌರ್ಬಲ್ಯಗಳಿಗೆ ಬರುತ್ತೇನೆ. ಎತ್ತರ ಬದಲಾಗದು. ಟರ್ನ್‌ಓವರ್, ಅಂದರೆ ಚೆಂಡು ಕಳೆದುಕೊಳ್ಳುವುದನ್ನು ತಿದ್ದಬಹುದು, ಮೈಕಟ್ಟು ಗಟ್ಟಿಮಾಡಬಹುದು. ಹುಡುಗ ತಿದ್ದಿಕೊಳ್ಳುವವನೇ ಅನ್ನೋದಕ್ಕೆ ಹಳೆಯ ಸಾಕ್ಷಿ ಬೇಕು. ಕರ್ರಿ ಹೈಸ್ಕೂಲಿನಲ್ಲಿ ಸೊಂಟದ ಹತ್ತಿರದಿಂದ ಚೆಂಡು ಎಸೆಯುತ್ತಿದ್ದ. ಎನ್‌ಬಿಎಯಲ್ಲಿ 16 ಸೀಸನ್ ಆಡಿದ ತಂದೆ ಡೆಲ್ ಒಂದು ಬೇಸಿಗೆ ಪೂರ್ತಿ ಕೂತು ಅದನ್ನು ಬಿಚ್ಚಿ, ತಲೆಯ ಮೇಲಿಂದ ಬಿಡುವ ಹಾಗೆ ಹೊಸದಾಗಿ ಕಟ್ಟಿಸಿದರು. ಬರುವ ವಿದ್ಯೆಯನ್ನು ಮರೆತು ಮತ್ತೆ ಮೊದಲಿಂದ ಕಲಿತವನಿಗೆ ನಾನಾದರೆ ಎರಡು ಅಂಗುಲ ಮಾಫಿ ಮಾಡುತ್ತೇನೆ.

ಡ್ರಾಫ್ಟ್ ನಡೆದ ಜೂನ್ 25ರ ರಾತ್ರಿ ಮೊದಲ ಆಯ್ಕೆ ಬ್ಲೇಕ್ ಗ್ರಿಫಿನ್, ಅದರಲ್ಲಿ ತಕರಾರಿಲ್ಲ. ಎರಡನೆಯದು ಹಶೀಮ್ ತಬೀಟ್, 7 ಅಡಿ 3 ಅಂಗುಲ. ‘ಎತ್ತರ ಹೇಳಿಕೊಟ್ಟರೆ ಬರುವುದಿಲ್ಲ’ ಅನ್ನುವ ಲೆಕ್ಕಾಚಾರ. ಎನ್‌ಬಿಎಯಲ್ಲಿ ಅವನ ಸರಾಸರಿ 2.2 ಪಾಯಿಂಟ್‌ಗೆ ನಿಂತಿತು. ಮಿನ್ನೆಸೋಟ ಐದು ಮತ್ತು ಆರರಲ್ಲಿ ರಿಕಿ ರುಬಿಯೋ, ಜಾನಿ ಫ್ಲಿನ್ ಎಂಬ ಇಬ್ಬರು ಪಾಯಿಂಟ್ ಗಾರ್ಡ್‌ಗಳನ್ನೇ ತೆಗೆದುಕೊಂಡಿತು, ಕರ್ರಿಯನ್ನು ಬಿಟ್ಟು! ಏಳನೆಯದಾಗಿ ಗೋಲ್ಡನ್ ಸ್ಟೇಟ್ ಅವನ ಹೆಸರು ಕರೆಯಿತು.

ಹಾಗಾದರೆ ಹೆಚ್ಚು ಪಾಯಿಂಟ್ ಹಾಕುವ ಸಣ್ಣ ಗಾರ್ಡ್‌ನನ್ನೆಲ್ಲ ಎತ್ತಿಕೊಳ್ಳಬೇಕೇ? ಎರಡೇ ವರ್ಷದಲ್ಲಿ ಆ ಪಾಠವೂ ಆಯಿತು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ (ಬಿವೈಯು) ಜಿಮ್ಮರ್ ಫ್ರೆಡೆಟ್ 2010-11ರಲ್ಲಿ ಪಂದ್ಯಕ್ಕೆ 28.9 ಗಳಿಸಿ ದೇಶಕ್ಕೇ ಮೊದಲಿಗ. ಹತ್ತನೇ ಆಯ್ಕೆಯಾದ, ಎನ್‌ಬಿಎಯಲ್ಲಿ ನೆಲೆ ನಿಲ್ಲಲಿಲ್ಲ. ಇಬ್ಬರ ಸಂಖ್ಯೆಗಳೂ ಅವಳಿಗಳಂತಿವೆ. ನನ್ನ ಕಣ್ಣಿಗೆ ಕಾಣುವ ವ್ಯತ್ಯಾಸ ಇದು: ಜಿಮ್ಮರ್‌ನ ಆಟಕ್ಕೆ ಚೆಂಡು ಸದಾ ಅವನ ಕೈಯಲ್ಲೇ ಇರಬೇಕಿತ್ತು. ಕರ್ರಿಯಾದರೋ ಡೇವಿಡ್‌ಸನ್ ಕೋಚ್ ಬಾಬ್ ಮೆಕಿಲಪ್ ಅವರ ಕೈಕೆಳಗೆ ಮೊದಲ ಎರಡು ವರ್ಷ ಸ್ಕ್ರೀನ್‌ಗಳ (ಡಿಫೆಂಡರ್‌ಗೆ ಅಡ್ಡ ನಿಲ್ಲುವ ಜೊತೆಗಾರರ) ಸುತ್ತ ಓಡಿ ಓಡಿ ಶಾಟ್ ಹುಡುಕುವುದನ್ನು ಕಲಿತಿದ್ದ. ಎನ್‌ಬಿಎ ತಂಡ ಹೊಸಬನ ಕೈಗೆ ಚೆಂಡನ್ನು ಪೂರ್ತಿ ಒಪ್ಪಿಸುವುದಿಲ್ಲ. ಚೆಂಡಿಲ್ಲದಾಗ ಇವನು ಏನು ಮಾಡುತ್ತಾನೆ ಅನ್ನುವ ಪ್ರಶ್ನೆಯನ್ನು ವರದಿಯ ಮೊದಲ ಸಾಲಲ್ಲೇ ಕೇಳಿ.

ಇನ್ನೊಂದು ಸಂಗತಿ ಯಾವ ವರದಿಯ ಕೈಗೂ ಸಿಗುವಂಥದ್ದಲ್ಲ. 2008-09ರಲ್ಲಿ ಒಂದು ಎನ್‌ಬಿಎ ತಂಡ ಪಂದ್ಯಕ್ಕೆ ಸರಾಸರಿ 18 ಥ್ರೀ ಎಸೆಯುತ್ತಿತ್ತು, ಹದಿನೈದು ವರ್ಷದಲ್ಲಿ ಅದು 35 ದಾಟಿತು. ಅವನ ಬಲಕ್ಕೆ ಬೆಲೆ ಏರಿತು, ಏರಿಸಿದ್ದರಲ್ಲಿ ಅವನದೂ ಪಾಲಿದೆ. ಅದೇ ಹೊತ್ತಿಗೆ ಯಾರೂ ಎಣಿಸದ ಪಾದದ ಕೀಲು ಕೈಕೊಟ್ಟಿತು: 2011-12ರಲ್ಲಿ ಆಡಿದ್ದು ಬರೀ 26 ಪಂದ್ಯ. ಆ ಕೀಲಿನ ಶಸ್ತ್ರಚಿಕಿತ್ಸೆಗಳ ನಂತರ ಗೋಲ್ಡನ್ ಸ್ಟೇಟ್ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಾಗ, ಅದನ್ನು ಜೂಜು ಅಂದವರು ಕಡಿಮೆಯೇನಿರಲಿಲ್ಲ.

ಇನ್ನು ಪ್ರಶ್ನೆಗಳನ್ನು ಕೇಳಿ. ಜಿಮ್ಮರ್ ಪರವಾಗಿ ವಾದ ಮಾಡುವವರಿದ್ದರೆ ಅವರಿಂದಲೇ ಶುರುವಾಗಲಿ.