ಕಣ್ಣೀರಿನ ಹನಿಯಲ್ಲಿ ಬಂದ ಹಡಗು

ಕೇಳುಗರಿಗೆ ನಮಸ್ಕಾರ.

ಕಾದಂಬರಿ ಸಿನಿಮಾ ಆಗೋದು ನಮಗೆ ಹೊಸದಲ್ಲ. ಸಿನಿಮಾ ಕಥೆಯೇ ಕಾದಂಬರಿ ಆದರೆ? ಅದು ಸುಮ್ನೆ ನಕಲು ಮಾಡುವ ಕೆಲಸ ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ‘ಫೆಂಟಾಸ್ಟಿಕ್ ವಾಯೇಜ್’ ಓದಿದ ಮೇಲೆ ಹಾಗನ್ನಿಸಲಿಲ್ಲ.

ಇದು ಮೂಲದಲ್ಲಿ 1966ರ ಹಾಲಿವುಡ್ ಚಿತ್ರ. ಒಬ್ಬ ವಿಜ್ಞಾನಿಯ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ಹೊರಗಿನಿಂದ ಆಪರೇಷನ್ ಮಾಡೋ ಹಾಗಿಲ್ಲ. ಅದಕ್ಕೇ ಐದು ಜನರನ್ನು ಸಬ್‌ಮರೀನ್ ಸಮೇತ ಕಣ್ಣಿಗೆ ಕಾಣದಷ್ಟು ಕುಗ್ಗಿಸಿ, ಸೂಜಿಯಲ್ಲಿ ಆ ವಿಜ್ಞಾನಿಯ ರಕ್ತನಾಳಕ್ಕೆ ಬಿಡುತ್ತಾರೆ. ಇರುವುದು 60 ನಿಮಿಷ. ಅದು ಮುಗಿದರೆ ಎಲ್ಲವೂ ಮತ್ತೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ.

ಚಿತ್ರಕಥೆಯನ್ನು ಕಾದಂಬರಿ ಮಾಡಲು ಕೊಟ್ಟದ್ದು ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಅವರಿಗೆ. ಬೋಸ್ಟನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನ ಪಾಠ ಹೇಳಿದ್ದವರು, ರಕ್ತದ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದವರು. ಚಿತ್ರಕಥೆಯ ತಪ್ಪುಗಳು ಅಂಥವರ ಕಣ್ಣು ತಪ್ಪಿಸೋದು ಕಷ್ಟ.

ಒಂದು ಕಡೆ ಹಡಗಿನಲ್ಲಿ ಗಾಳಿ ಖಾಲಿಯಾಗುತ್ತದೆ. ರೋಗಿಯ ಶ್ವಾಸಕೋಶದಿಂದಲೇ ತುಂಬಿಸಿಕೊಳ್ಳುತ್ತಾರೆ. ಆದರೆ ಆ ಗಾಳಿ ಕುಗ್ಗಿದ್ದಲ್ಲ. ಇಷ್ಟು ಚಿಕ್ಕ ಮನುಷ್ಯ ಅಷ್ಟು ದೊಡ್ಡ ಅಣುಗಳನ್ನು ಉಸಿರಾಡೋದು ಹೇಗೆ? ಅಸಿಮೋವ್ ಗಾಳಿಯನ್ನೂ ಕುಗ್ಗಿಸುವ ಯಂತ್ರವೊಂದನ್ನು ಹಡಗಿನಲ್ಲಿ ಇಟ್ಟರು.

ಅವರನ್ನು ಜಾಸ್ತಿ ಕಾಡಿದ್ದು ಕೊನೆ. ಸಿನಿಮಾದಲ್ಲಿ ಬಿಳಿ ರಕ್ತಕಣವೊಂದು ಹಡಗನ್ನು ನುಂಗುತ್ತದೆ. ಬದುಕುಳಿದ ನಾಲ್ವರು ಕಣ್ಣಿನ ದಾರಿಯಲ್ಲಿ ಹೊರಗೆ ಬರುತ್ತಾರೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ನುಂಗಿದ ಮಾತ್ರಕ್ಕೆ ಹಡಗು ಇಲ್ಲವಾಗುತ್ತದೆಯೇ? ಪುಡಿಯಾದರೂ ಅದರ ಕಬ್ಬಿಣ ಒಳಗೇ ಇದೆ, ಅಲ್ವಾ? ಹೊತ್ತು ಮೀರಿದರೆ ಅದೂ ಬೆಳೆಯುತ್ತದೆ, ರೋಗಿ ಸಾಯುತ್ತಾನೆ. ಮುಂದೆ ಸಿನಿಮಾ ನೋಡಿದ ಅಸಿಮೋವ್ ಅವರ 11 ವರ್ಷದ ಮಗಳೂ ಇದನ್ನೇ ಕೇಳಿದಳಂತೆ!

ಕೊನೆ ಬದಲಿಸಲು ಒಪ್ಪಿಗೆ ಪಡೆದೇ ಅಸಿಮೋವ್ ಬರೆದರು. ಎಷ್ಟು ಬೇಗ ಅಂದರೆ, ಸಿನಿಮಾಗಿಂತ ಮೊದಲೇ ಪುಸ್ತಕ ಬಂತು. ಪುಸ್ತಕ ನೋಡಿಯೇ ಸಿನಿಮಾ ಮಾಡಿದ್ದಾರೆ ಅಂತ ಎಷ್ಟೋ ಜನ ನಂಬಿದರು.

ಆ ಕೊನೆ ನನಗೆ ತುಂಬ ಇಷ್ಟ. ನಾಲ್ವರೂ ಕಣ್ಣಿನ ಕಡೆ ಈಜುತ್ತಿದ್ದಾರೆ. ಹಡಗು ನುಂಗಿದ ರಕ್ತಕಣದಿಂದ ತಪ್ಪಿಸಿಕೊಂಡರೆ ಸಾಲದು, ಅದನ್ನು ಹಿಂದೆಯೇ ಕರೆತರಬೇಕು. ನಾಯಕ ಗ್ರಾಂಟ್ ಅದನ್ನು ಕೆಣಕಿ ಕೆಣಕಿ ತನ್ನ ಬೆನ್ನು ಹತ್ತಿಸಿಕೊಳ್ಳುತ್ತಾನೆ. ಕಣ್ಣೀರಿನೊಂದಿಗೆ ಅವರೂ ಹೊರಗೆ, ರಕ್ತಕಣವೂ ಹೊರಗೆ. ಆಮೇಲೆ ನೋಡಿದರೆ ಅಲ್ಲಿ ನಾಲ್ಕು ಜನ, ಪಕ್ಕದಲ್ಲಿ ಒಂದು ರಾಶಿ ಮುರಿದ ಲೋಹ.