ಸುವಾನೀ ಹುಡುಗರ ಕಾಲುಗಳು

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳುವುದು ಫುಟ್‌ಬಾಲ್ ಕತೆ. ಆದರೆ ನಮ್ಮೂರ ಮೈದಾನಗಳಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಿನವರ ನಡುವೆ ನುಗ್ಗುವ ಆಟ. ವರ್ಷ 1899. ಊರು ಟೆನೆಸೀ ರಾಜ್ಯದ ಸುವಾನೀ.

ಸುವಾನೀ ಇರುವುದು ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲೆ. ಸುತ್ತ ಕಾಡು, ನಡುವೆ ಕಲ್ಲಿನ ಕಟ್ಟಡಗಳು, ಒಂದು ಕಾಲೇಜು. ಎಪಿಸ್ಕೋಪಲ್ ಚರ್ಚಿನ ಬಿಷಪ್ಪರು 1857ರಲ್ಲಿ ಸ್ಥಾಪಿಸಿದ ‘ಯೂನಿವರ್ಸಿಟಿ ಆಫ್ ದಿ ಸೌತ್’ ಅದು. ಹೆಸರು ದೊಡ್ಡದು, ಕಾಲೇಜು ಚಿಕ್ಕದು. ಓದುತ್ತಿದ್ದವರು ಕೆಲವೇ ನೂರು ಹುಡುಗರು. ಆ ವರ್ಷ ಅವರ ತಂಡ 12 ಪಂದ್ಯ ಆಡಿತು, 12ನ್ನೂ ಗೆದ್ದಿತು. ಅವರು ಗಳಿಸಿದ್ದು 322 ಪಾಯಿಂಟ್, ಬಿಟ್ಟುಕೊಟ್ಟದ್ದು ಬರೀ 10.

ಈ ಅಂಕಿಗಳ ಹಿಂದೆ ಏನಿತ್ತು ಅಂತ ತಿಳಿಯಬೇಕಾದರೆ ಅಂದಿನ ಆಟ ಹೇಗಿತ್ತು ಅಂತ ಸ್ವಲ್ಪ ನೋಡಬೇಕು. ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿರಲಿಲ್ಲ. ಮೂರು ಪ್ರಯತ್ನದಲ್ಲಿ 5 ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹಾಗಾಗಿ ಎಲ್ಲರೂ ಒತ್ತಾಗಿ ಸೇರಿಕೊಂಡು ನೂಕುವುದೇ ಆಟ. ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಎಲ್ಲರೂ ಒಟ್ಟಿಗೆ ಹಿಡಿದು ಕೆಡಹುವ ಕ್ಷಣ ನೆನಪಿಸಿಕೊಳ್ಳಿ. ಅದೇ ಕ್ಷಣ ಒಂದು ಗಂಟೆಗೂ ಜಾಸ್ತಿ ಹೊತ್ತು ಮತ್ತೆ ಮತ್ತೆ ಬರುತ್ತಿತ್ತು ಅಂದುಕೊಳ್ಳಿ. ದಾಳಿ ಮಾಡಿದ ಹನ್ನೊಂದು ಜನವೇ ರಕ್ಷಣೆಗೂ ನಿಲ್ಲಬೇಕಿತ್ತು. ಪೆಟ್ಟು ಬಿದ್ದು ಹೊರಗೆ ಹೋದವನು ಆ ದಿನ ಮತ್ತೆ ಒಳಗೆ ಬರುವಂತಿರಲಿಲ್ಲ. ಅದಕ್ಕೇ ಯಾರೂ ಹೊರಗೆ ಹೋಗಲು ಒಪ್ಪುತ್ತಿರಲಿಲ್ಲ.

ತಂಡದ ಮ್ಯಾನೇಜರ್ ಲ್ಯೂಕ್ ಲೀ. ಇಪ್ಪತ್ತು ವರ್ಷದ ವಿದ್ಯಾರ್ಥಿ. ಅವನ ತಲೆನೋವು ದುಡ್ಡಿನದು. ಪ್ರತಿ ವರ್ಷ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದ ಜೊತೆ ಆಡುವ ಪಂದ್ಯದಿಂದ ಒಳ್ಳೆಯ ಹಣ ಬರುತ್ತಿತ್ತು. ಆ ವರ್ಷ ಟಿಕೆಟ್ ಹಣ ಹಂಚಿಕೊಳ್ಳುವ ಬಗ್ಗೆ ಜಗಳವಾಗಿ ಪಂದ್ಯವೇ ನಿಂತುಹೋಯಿತು. ಆ ಹಣ ಬೇರೆ ಎಲ್ಲಿಂದ ತರುವುದು? ಲೀ ದೂರದ ಕಾಲೇಜುಗಳ ಜೊತೆ ಸಾಲಾಗಿ ಪಂದ್ಯ ಗೊತ್ತು ಮಾಡಿದ. ರೈಲಿನಲ್ಲೇ ಮಲಗುವುದು, ಇಳಿದು ಆಡುವುದು, ಮತ್ತೆ ಹತ್ತುವುದು. ಒಟ್ಟು 2,500 ಮೈಲಿ, ಅಂದರೆ ಸುಮಾರು 4,000 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಹೋದವರಿಗೆ ಮೈ ಹೇಗೆ ಬಿಗಿಯುತ್ತದೆ ಅಂತ ಗೊತ್ತು. ಇವರದು ಅದರ ಒಂದೂವರೆ ಪಟ್ಟಿಗೂ ಹೆಚ್ಚು. ನಡುನಡುವೆ ಇಳಿದು ಗುದ್ದಾಟ ಬೇರೆ!

ಹೊರಟಾಗ ಒಂದು ಅವಾಂತರವಾಯಿತಂತೆ. ಆಟಗಾರರ ಬೂಟುಗಳು ಹಿಂದೆಯೇ ಉಳಿದಿದ್ದವು. ತಂತಿ ಕಳಿಸಿ, ಹಿಂದಿನ ರೈಲಿನಲ್ಲಿ ತರಿಸಿಕೊಂಡರು ಅಂತ ಹೇಳುತ್ತಾರೆ. ಬೂಟು ಮರೆತರೂ ನೀರು ಮರೆತಿರಲಿಲ್ಲ. ಬೇರೆ ಊರಿನ ನೀರು ಕುಡಿದು ಹೊಟ್ಟೆ ಕೆಟ್ಟರೆ ಎಲ್ಲ ಮುಗಿದಂತೆಯೇ ಅಲ್ವಾ? ಅದಕ್ಕೆ ತಮ್ಮ ಬೆಟ್ಟದ ಊಟೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿಕೊಂಡು ಹೋದರು.

ನವೆಂಬರ್ 9, ಗುರುವಾರ, ಆಸ್ಟಿನ್. ಎದುರಾಳಿ ಟೆಕ್ಸಾಸ್ ವಿಶ್ವವಿದ್ಯಾಲಯ. ಸುವಾನೀ ಕ್ಯಾಪ್ಟನ್ ಹೆನ್ರಿ ಸೀಬಲ್ಸ್‌ನ ತಲೆ ಒಡೆದು ರಕ್ತ ಸುರಿಯಿತು. ಗಾಯಕ್ಕೆ ಪಟ್ಟಿ ಅಂಟಿಸಿಕೊಂಡು ಆಟ ಮುಂದುವರಿಸಿದ. 12-0. ಶುಕ್ರವಾರ ಹ್ಯೂಸ್ಟನ್, ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10-0. ಶನಿವಾರ ನ್ಯೂ ಆರ್ಲಿಯನ್ಸ್, ಟ್ಯುಲೇನ್ ವಿರುದ್ಧ 23-0. ಮೂರು ದಿನ, ಮೂರು ಊರು. ಭಾನುವಾರ ಮಾತ್ರ ಆಟವಿಲ್ಲ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ಸ್ಟೇಟ್ ವಿರುದ್ಧ 34-0. ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ ವಿರುದ್ಧ 12-0. ಆರು ದಿನದಲ್ಲಿ ಐದು ಪಂದ್ಯ. ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಸಿಗಲಿಲ್ಲ.

ಅಮೆರಿಕದಲ್ಲಿ ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲೇ ನಿಲ್ಲಿಸುತ್ತಾರೆ. ‘ಉಕ್ಕಿನ ಮನುಷ್ಯರು’ ಅಂತ ಆ ತಂಡಕ್ಕೆ ಹೆಸರೂ ಇದೆ. ನನಗೆ ಮಾತ್ರ ಆ ಐದು ಸ್ಕೋರುಗಳಿಗಿಂತ ಅವುಗಳ ನಡುವಿನ ರಾತ್ರಿಗಳ ಮೇಲೆ ಮನಸ್ಸು ಹೋಗುತ್ತದೆ. ಹೋದ ಹುಡುಗರು ಇಪ್ಪತ್ತು ಮಂದಿಯ ಆಸುಪಾಸು. ಅವರಲ್ಲೂ ಆಟದ ಭಾರ ಹೊತ್ತವರು ಕೆಲವರೇ. ಸಂಜೆ ಮೈದಾನದಿಂದ ನೇರ ರೈಲಿಗೆ. ಕಾಲು ಊದಿಕೊಂಡಿದೆ, ತೊಡೆ ಕಲ್ಲಿನ ಹಾಗಾಗಿದೆ, ಮಾರನೇ ದಿನ ಮಧ್ಯಾಹ್ನ ಮತ್ತೆ ನಿಲ್ಲಬೇಕು. ಆ ಕಾಲುಗಳನ್ನು ತಿಕ್ಕಿ, ನೀವಿ, ನಿಲ್ಲುವ ಹಾಗೆ ಮಾಡಿದವರು ಕ್ಯಾಲ್ ಬರೋಸ್ ಎಂಬ ಕಪ್ಪು ಮನುಷ್ಯ. ತಂಡದ ಆರೈಕೆ ಅವರದು. ಅವರ ಜನಾಂಗದ ಒಬ್ಬ ಹುಡುಗ ಅಂದು ಆ ಕಾಲೇಜಿನಲ್ಲಿ ಓದುವ ಹಾಗಿರಲಿಲ್ಲ. ಅವರ ಕೈಗಳಿಲ್ಲದೆ ನ್ಯೂ ಆರ್ಲಿಯನ್ಸ್‌ನಲ್ಲಿ ಆ ಹುಡುಗರು ಎದ್ದು ನಿಲ್ಲುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಆ ಗೆಲುವನ್ನು ನೆನೆಯುವಾಗಲೆಲ್ಲ ಅವರ ಹೆಸರನ್ನೂ ಹೇಳಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಮೆಂಫಿಸ್ ಪಂದ್ಯವಾಗಿ ಆರು ದಿನಕ್ಕೆ ಕಂಬರ್ಲೆಂಡ್ ವಿಶ್ವವಿದ್ಯಾಲಯವನ್ನು 71-0ರಿಂದ ಸೋಲಿಸಿದರು. ಅದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ನಿಜವಾದ ಪರೀಕ್ಷೆ ನವೆಂಬರ್ 30ಕ್ಕೆ, ಮಾಂಟ್‌ಗಾಮರಿಯಲ್ಲಿ ಇತ್ತು. ಎದುರಾಳಿ ಆಬರ್ನ್. ಅವರ ಕೋಚ್ ಜಾನ್ ಹೈಸ್‌ಮನ್. ಇಂದು ಅಮೆರಿಕದಲ್ಲಿ ಪ್ರತಿ ವರ್ಷ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಟ್ರೋಫಿ ಇವರ ಹೆಸರಿನದೇ. ಇಡೀ ಸೀಸನ್‌ನಲ್ಲಿ ಸುವಾನೀ ವಿರುದ್ಧ ಪಾಯಿಂಟ್ ಗಳಿಸಿದ ತಂಡ ಇದೊಂದೇ. ಆ 10 ಪಾಯಿಂಟ್‌ಗಳೂ ಇವರವೇ. ಆಗ ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ, 5 ಪಾಯಿಂಟ್, ಅದರ ನಂತರದ ಒದೆತಕ್ಕೆ 1. ಕೊನೆಗೆ ಸುವಾನೀ 11, ಆಬರ್ನ್ 10. ಒಂದೇ ಒಂದು ಪಾಯಿಂಟ್! ಎರಡೇ ದಿನದ ನಂತರ ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾ ವಿರುದ್ಧ 5-0. ಅಕ್ಟೋಬರ್ 21ಕ್ಕೆ ಶುರುವಾದ ಸೀಸನ್ ಡಿಸೆಂಬರ್ 2ಕ್ಕೆ ಮುಗಿಯಿತು. ಬರೀ ಆರು ವಾರ.

ಆಮೇಲೆ ಏನಾಯಿತು ಅಂತ ನೀವು ಕೇಳಬಹುದು. ಲ್ಯೂಕ್ ಲೀ ಪತ್ರಿಕೆ ಕಟ್ಟಿದ, ಟೆನೆಸೀಯಿಂದ ಅಮೆರಿಕದ ಸೆನೆಟ್‌ಗೆ ಹೋದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ಹಾಲೆಂಡ್‌ನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಮಾಜಿ ಚಕ್ರವರ್ತಿ ಕೈಸರ್‌ನನ್ನು ಹಿಡಿದು ತರಲು ಕೆಲವು ಸೈನಿಕರ ಜೊತೆ ಹೊರಟವನೂ ಇವನೇ. ಆ ಕೆಲಸ ಆಗಲಿಲ್ಲ. ಆದರೆ ಇಪ್ಪತ್ತರಲ್ಲಿ ಆ ರೈಲು ಪ್ರಯಾಣ ಗೊತ್ತು ಮಾಡಿದ ಹುಡುಗನ ಗುಂಡಿಗೆ ನಲವತ್ತರಲ್ಲೂ ಹಾಗೇ ಇತ್ತು.

ಸುವಾನೀ 1932ರಲ್ಲಿ ದಕ್ಷಿಣದ ದೊಡ್ಡ ಕಾಲೇಜುಗಳ ಜೊತೆ ಸೇರಿ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಎಂಬ ಕ್ರೀಡಾ ಒಕ್ಕೂಟ ಕಟ್ಟಿತು. ಅಷ್ಟು ಹೊತ್ತಿಗೆ ಆಟ ದುಡ್ಡಿನ ಆಟವಾಗಿತ್ತು. ಒಕ್ಕೂಟದೊಳಗಿನ ಒಂದೂ ಪಂದ್ಯ ಗೆಲ್ಲದೆ 1940ರಲ್ಲಿ ಹೊರಗೆ ಬಂತು. ಇಂದು ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಓದುವ ಹುಡುಗರೇ ಆಡುತ್ತಾರೆ. ನನಗೆ ಅದು ಇಷ್ಟ.

ಇನ್ನೊಬ್ಬನ ಬಗ್ಗೆ ಹೇಳಲೇಬೇಕು. ಆರ್ಮಂಡ್ ಸಿಮ್ಕಿನ್ಸ್. ಎದುರಾಳಿಗಳ ಗೋಡೆಗೆ ಡಿಕ್ಕಿ ಹೊಡೆಯುವುದು ಈ ಫುಲ್‌ಬ್ಯಾಕ್‌ನ ಕೆಲಸ. ಅವನಷ್ಟು ಪೆಟ್ಟು ತಿಂದವರು ಕಡಿಮೆ. ಮುಂದೆ ಅವನ ಎರಡೂ ಕಾಲುಗಳನ್ನು ಕತ್ತರಿಸಬೇಕಾಯಿತು. ಆಟದಲ್ಲಿ ಬಿದ್ದ ಪೆಟ್ಟುಗಳೇ ಅದಕ್ಕೆ ಕಾರಣ ಅಂತ ಸುವಾನೀಯಲ್ಲಿ ಹೇಳುತ್ತಾರೆ. ಮೈದಾನದಲ್ಲಿ ಹುಡುಗರು ಸಾಯುವುದು ಜಾಸ್ತಿಯಾಗಿ, 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. 1906ರಲ್ಲಿ ನಿಯಮ ಬದಲಾಯಿತು. ಚೆಂಡನ್ನು ಮುಂದಕ್ಕೆ ಎಸೆಯಬಹುದು ಅಂತಾಯಿತು. ಒತ್ತಾಗಿ ಸೇರಿ ನೂಕುವ ಆಟ ನಿಧಾನವಾಗಿ ಬಿಡಿಬಿಡಿಯಾಯಿತು.

ಸಿಮ್ಕಿನ್ಸ್ ಆಡಿದ್ದು ಅದಕ್ಕೆ ಏಳು ವರ್ಷ ಮೊದಲು.