ಬ್ರಿಟನ್ನಿನ ಚಳಿ ದುಡ್ಡು: ಏಳು ದಿನ, ಸೊನ್ನೆ ಡಿಗ್ರಿ, 25 ಪೌಂಡ್

ನಮಸ್ಕಾರ! ಇಂಗ್ಲೆಂಡಿನಲ್ಲಿರುವ ನಮ್ಮ ವೀಕ್ಷಕರೊಬ್ಬರು ಕೇಳಿದ್ದರು: "ಪಕ್ಕದ ಮನೆ ಅಜ್ಜಿಗೆ ಸರ್ಕಾರದಿಂದ ಚಳಿ ದುಡ್ಡು ಬಂತಂತೆ. ಅದೇನು ಲೆಕ್ಕ?"

ದೊಡ್ಡ ಯೋಜನೆ ವಿಂಟರ್ ಫ್ಯೂಯಲ್ ಪೇಮೆಂಟ್. 1997ರಿಂದ ಇದೆ. ಪಿಂಚಣಿ ವಯಸ್ಸಿನವರಿರುವ ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300. 2024ರಲ್ಲಿ ಸರ್ಕಾರ ಇದನ್ನು ಕಡಿಮೆ ಆದಾಯದವರಿಗೆ ಮಾತ್ರ ಅಂತ ಕತ್ತರಿಸಿತು. ಜನ ಸಿಟ್ಟಾದರು, ಮರುವರ್ಷ ವಾಪಸ್ ಕೊಟ್ಟಿತು. ಈಗ 35,000 ಪೌಂಡ್‌ಗಿಂತ ಜಾಸ್ತಿ ವರಮಾನ ಇದ್ದರೆ ತೆರಿಗೆಯಲ್ಲಿ ಹಿಡಿದುಕೊಳ್ಳುತ್ತಾರೆ.

ನನ್ನ ತಲೆಯಲ್ಲಿ ಕೂತಿರುವುದು ಇನ್ನೊಂದು: ಕೋಲ್ಡ್ ವೆದರ್ ಪೇಮೆಂಟ್.

[ಪರದೆಯ ಮೇಲೆ: ಥರ್ಮಾಮೀಟರ್]

ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಸತತ ಏಳು ದಿನಗಳ ಸರಾಸರಿ ಉಷ್ಣಾಂಶ ಸೊನ್ನೆ ಅಥವಾ ಅದಕ್ಕಿಂತ ಕೆಳಗೆ ಬಂದರೆ 25 ಪೌಂಡ್. ಅಂಥ ಇನ್ನೊಂದು ವಾರ ಬಂದರೆ ಮತ್ತೆ 25. ಹಾಗೆ ಆಗಬಹುದು ಅಂತ ಮುನ್ಸೂಚನೆ ಬಂದರೂ ಸಾಕು! ಆದರೆ ಅಳೆಯುವುದು ಎಲ್ಲಿ? ನಿಮ್ಮ ಮನೆಯಲ್ಲಲ್ಲ. ನಿಮ್ಮ ಪೋಸ್ಟ್‌ಕೋಡ್‌ಗೆ ಜೋಡಿಸಿರುವ ಹವಾಮಾನ ಕೇಂದ್ರದಲ್ಲಿ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ನಿಮ್ಮ ತೋಟದಲ್ಲಿ ಎಷ್ಟು ಮಳೆ ಬಿತ್ತು ಅನ್ನುವುದಲ್ಲ, ಮಳೆಮಾಪಕದಲ್ಲಿ ಎಷ್ಟು ಬಿತ್ತು ಅನ್ನುವುದೇ ಲೆಕ್ಕ, ಅಲ್ವಾ? ಅಲ್ಲಿಯೂ ಹಾಗೇ. ಗುಡ್ಡದ ಮೇಲಿನ ಮನೆಯಲ್ಲಿ ಅಜ್ಜಿ ನಡುಗುತ್ತಿದ್ದರೂ ಕೇಂದ್ರದ ಸರಾಸರಿ 1 ಡಿಗ್ರಿ ಇದ್ದರೆ ದುಡ್ಡಿಲ್ಲ. ಹಾಸಿಗೆ ಬಿಟ್ಟು ಏಳಲಾಗದವರಿಗೆ, ದಿನವಿಡೀ ಗಾಲಿಕುರ್ಚಿಯಲ್ಲಿ ಕೂತಿರುವವರಿಗೆ 3 ಡಿಗ್ರಿಯೂ ಕೊರೆಯುವ ಚಳಿಯೇ. ಅವರ ಮನೆ ಹೀಟರ್ ಇಡೀ ದಿನ ಉರಿಯಬೇಕು. ಸ್ಕಾಟ್ಲೆಂಡ್ ಈ ಲೆಕ್ಕವನ್ನೇ ಕೈಬಿಟ್ಟಿತು. ಚಳಿ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ನಿಗದಿತ ಮೊತ್ತ. ನನಗೆ ಇದೇ ಸರಿ ಅನಿಸುತ್ತದೆ. ಕೊರೆಯುವ ಚಳಿಗಾಲದಲ್ಲಿ ಹಳೇ ಪದ್ಧತಿಯಲ್ಲೇ ಕೆಲವರಿಗೆ ಜಾಸ್ತಿ ಸಿಗುತ್ತಿತ್ತು, ನಿಜ. ಆದರೂ ದುಡ್ಡು ಬಂದೇ ಬರುತ್ತದೆ ಅಂತ ಗೊತ್ತಿದ್ದರೆ ಹೆದರದೆ ಹೀಟರ್ ಹಾಕಬಹುದು.

ಉಳಿದದ್ದು ಬೇಗ ಬೇಗ. ವಾರ್ಮ್ ಹೋಮ್ ಡಿಸ್ಕೌಂಟ್‌ನಲ್ಲಿ ಕರೆಂಟ್ ಬಿಲ್‌ಗೆ 150 ಪೌಂಡ್ ಕಡಿತ. ಅಂಗವಿಕಲರಿಗೆ ಸಿಗುವ ಪಿಪ್ ಭತ್ಯೆ ಒಂದೇ ಇದ್ದರೆ ಇದೂ ಇಲ್ಲ, ಆ 25 ಪೌಂಡೂ ಇಲ್ಲ. ಕಡಿಮೆ ಆದಾಯದ ನೆರವೂ ಇರಬೇಕು. ಇದು ನನಗೆ ಅನ್ಯಾಯ ಅನಿಸುತ್ತದೆ.

ವಯಸ್ಸಾದವರಿಗೆ ಈ ಎರಡಕ್ಕೂ ದಾರಿ ಪೆನ್ಷನ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದ ಹಿರಿಯರಿಗೆ ಸರ್ಕಾರ ಕೊಡುವ ನೆರವು. ಅದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಅರ್ಹರಾಗಿದ್ದೂ ಹಾಕದವರು ತುಂಬಾ ಜನ ಇದ್ದಾರೆ. ಅಲ್ಲಿರುವವರು ಈ ವಾರವೇ ನಿಮ್ಮ ಬೀದಿಯ ಹಿರಿಯರನ್ನು ಒಮ್ಮೆ ಕೇಳಿ. ತಡವಾಗಿದ್ದರೂ ಪರವಾಗಿಲ್ಲ, ಆಗಲೇ ಅರ್ಹರಾಗಿದ್ದರೆ ಹಿಂದಿನ ಮೂರು ತಿಂಗಳ ಬಾಕಿಯೂ ಸಿಗುತ್ತದೆ.